ಲಂಚಕೋರನು ಕಡಲು ದಾಟಿದಾಗ

1973ರ ಜೂನ್ ತಿಂಗಳು. ಹಾಂಗ್‌ಕಾಂಗಿನ ವಿಮಾನ ನಿಲ್ದಾಣದಲ್ಲಿ ಆಂಗ್ಲ ಪೊಲೀಸ್ ಅಧಿಕಾರಿಯೊಬ್ಬನು ತನ್ನ ಪೊಲೀಸ್ ಪಾಸಿನ ಬಲದಿಂದ ತಪಾಸಣೆ ತಪ್ಪಿಸಿಕೊಂಡು ಸಿಂಗಪುರದ ವಿಮಾನವೇರಿದನು. ಅಲ್ಲಿಂದ ಲಂಡನ್ ಸೇರಿದನು. ಆತನೇ ಚೀಫ್ ಸೂಪರಿಂಟೆಂಡೆಂಟ್ ಪೀಟರ್ ಗಾಡ್‌ಬರ್. ಆತನ ಸಂಪತ್ತು 40 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಅಧಿಕ. ಸಂಬಳದಲ್ಲಿ ಉಳಿಸಬಹುದಾದ ಹಣವಲ್ಲ. ಸಮಜಾಯಿಷಿ ಕೇಳಿದೊಡನೆ ಆಸಾಮಿ ಪರಾರಿ!

ಹಿಡಿದು ತರುವುದೇನು ಮಹಾ ಎನ್ನುವಿರಾ? ತೊಡಕು ಅಲ್ಲಿಯೇ. ಆದಾಯಕ್ಕೆ ಮೀರಿದ ಆಸ್ತಿ ಹಾಂಗ್‌ಕಾಂಗಿನಲ್ಲಿ ಅಪರಾಧ, ಇಂಗ್ಲೆಂಡಿನಲ್ಲಿ ಅಲ್ಲ. ಎರಡು ಕಡೆಯೂ ಅಪರಾಧವಾಗದ ಹೊರತು ಆರೋಪಿಯನ್ನು ಒಪ್ಪಿಸುವಂತಿಲ್ಲ. ಜನರು ರೊಚ್ಚಿಗೆದ್ದು ಬೀದಿಗಿಳಿದರು. 1974ರ ಫೆಬ್ರವರಿಯಲ್ಲಿ ಪೊಲೀಸರ ಹಂಗಿಲ್ಲದ ಸ್ವತಂತ್ರ ಆಯೋಗವೊಂದು ಸ್ಥಾಪನೆಯಾಯಿತು. ಕಡೆಗೆ ಲಂಚ ಪಡೆದುದಕ್ಕೇ ಸಾಕ್ಷ್ಯ ದೊರೆತು, 1975ರ ಜನವರಿಯಲ್ಲಿ ಆತನನ್ನು ಕರೆತಂದರು. ನಾಲ್ಕು ವರ್ಷಗಳ ಸಜೆಯಾಯಿತು.

ಒಂದು ದೇಶದ ಕಾನೂನು ಇನ್ನೊಂದಕ್ಕೆ ಹೊಂದದಿದ್ದರೆ ಕಳ್ಳನಿಗೆ ಹಬ್ಬ. ಇದನ್ನರಿತ ಏಷ್ಯ-ಪೆಸಿಫಿಕ್ ರಾಷ್ಟ್ರಗಳು 2001ರಲ್ಲಿ ಟೋಕಿಯೋದಲ್ಲಿ ಕೂಡಿ ಕಾರ್ಯಯೋಜನೆಯೊಂದನ್ನು ಒಪ್ಪಿದವು. 2003ರಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆ ಸಿದ್ಧವಾಯಿತು. ಭಾರತವು 2011ರಲ್ಲಿ ಅದನ್ನು ಅನುಮೋದಿಸಿತು. ತನಿಖೆಗಾರರಿಗೆ ಶಿಕ್ಷಣ, ಸಾಕ್ಷ್ಯ ಸಂಗ್ರಹದಲ್ಲಿ ನೆರವು, ಕದ್ದ ಹಣವನ್ನು ಮರಳಿಸುವ ವಿಧಾನ ಎಲ್ಲವೂ ಅದರಲ್ಲುಂಟು.

ಆದರೆ ವಿವರಣೆಯಿಲ್ಲದ ಸಂಪತ್ತನ್ನು ಅಪರಾಧವೆನ್ನುವುದನ್ನು ಮಾತ್ರ ಆಯಾ ದೇಶದ ವಿವೇಚನೆಗೇ ಬಿಡಲಾಗಿದೆ. ಗಾಡ್‌ಬರ್ ನುಸುಳಿದ ಕಂಡಿ ಇನ್ನೂ ಪೂರ್ತಿ ಮುಚ್ಚಿಲ್ಲ. ಕಾನೂನು ಚಾಪೆಯ ಕೆಳಗೆ ತೂರಿದರೆ, ಲಂಚಕೋರನು ರಂಗೋಲಿಯ ಕೆಳಗೆ ತೂರುವವನಲ್ಲವೇ?