ಓಟು ಕೊಡದ ಮಿತ್ರರು

ಆರು ಸಾವಿರ ವರ್ಷ ಸ್ನೇಹದಿಂದಿದ್ದ ನೆರೆಯವನು ಕೊನೆಯ ಮತದಾನದ ದಿನ ಕೈ ಕೊಟ್ಟರೆ ಹೇಗಾಗುತ್ತದೆ? ಇದನ್ನು ‘ಸಿವಿಲೈಸೇಷನ್’ ಎಂಬ ಕಂಪ್ಯೂಟರ್ ಆಟ ಆಡುವವರನ್ನು ಕೇಳಬೇಕು. ಕ್ಷಾಮ ಬಂದಾಗ ಧಾನ್ಯ ಕೊಟ್ಟಿರುತ್ತೀರಿ, ಶತ್ರು ಮುತ್ತಿದಾಗ ಸೈನ್ಯ ಕಳಿಸಿರುತ್ತೀರಿ, ವಿದ್ಯೆಗಳನ್ನು ಹಂಚಿಕೊಂಡಿರುತ್ತೀರಿ. ವಿಶ್ವಸಂಸ್ಥೆಯಲ್ಲಿ ಜಗತ್ತಿನ ನಾಯಕನನ್ನು ಆರಿಸುವ ಹೊತ್ತಿಗೆ ಆತ ತನ್ನ ಮತವನ್ನು ತನಗೇ ಹಾಕಿಕೊಳ್ಳುತ್ತಾನೆ. ಸೋತ ಆಟಗಾರ ಕಂಪ್ಯೂಟರನ್ನು ಬಯ್ಯುತ್ತಾನೆ. ಆದರೆ ಆ ಕಂಪ್ಯೂಟರ್ ಮಾಡಿದ್ದು ತಪ್ಪೇ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ.

ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬ ಅಮೆರಿಕನ್ನರು ರೂಪಿಸಿದ ಈ ಆಟ 1991ರಲ್ಲಿ ಹೊರಬಂತು. ಕ್ರಿಸ್ತಪೂರ್ವ 4000ದಲ್ಲಿ ಒಂದು ಊರು ಕಟ್ಟುವುದರಿಂದ ಆರಂಭ. ಆಮೇಲೆ ಲಿಪಿ, ಚಕ್ರ, ಉಕ್ಕು, ಅಣುಶಕ್ತಿ ಹೀಗೆ ಒಂದೊಂದಾಗಿ ಕಲಿಯುತ್ತಾ ಸಾಗಬೇಕು. ಎದುರಾಳಿ ರಾಷ್ಟ್ರಗಳನ್ನು ಕಂಪ್ಯೂಟರೇ ಆಡಿಸುತ್ತದೆ. ಆ ಮೊದಲ ಆಟದಲ್ಲಿ ಗೆಲ್ಲಲು ಎರಡು ದಾರಿಗಳಿದ್ದವು: ಎಲ್ಲರನ್ನೂ ಸೋಲಿಸುವುದು, ಇಲ್ಲವೇ ಬೇರೊಂದು ನಕ್ಷತ್ರಕ್ಕೆ ಮೊದಲು ನೌಕೆ ಕಳಿಸುವುದು. ಸಂಧಿ, ಬೆದರಿಕೆ, ಕಪ್ಪಕಾಣಿಕೆ ಇದ್ದವು, ಚುನಾವಣೆ ಇರಲಿಲ್ಲ.

ಚುನಾವಣೆಯನ್ನು ತಂದದ್ದು 1993ರ ‘ಮಾಸ್ಟರ್ ಆಫ್ ಓರಿಯನ್’ ಎಂಬ, ಅಂತರಿಕ್ಷದಲ್ಲಿ ನಡೆಯುವ ಆಟ. ಅಲ್ಲಿ 25 ವರ್ಷಗಳಿಗೊಮ್ಮೆ ಮಹಾಸಭೆ ಸೇರುತ್ತದೆ. ಇಬ್ಬರು ಅಭ್ಯರ್ಥಿಗಳು; ಜನಸಂಖ್ಯೆಗೆ ತಕ್ಕಂತೆ ಮತಗಳು; ಮೂರನೇ ಎರಡು ಭಾಗ ಸಿಕ್ಕಿದವನು ಸಾರ್ವಭೌಮ. ಆಡುವವರು ಇದರ ಮರ್ಮವನ್ನು ಬೇಗ ಅರಿತರು. ಒಟ್ಟು ಮತಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಿಮ್ಮ ಕೈಯಲ್ಲೇ ಇದ್ದರೆ ನಿಮ್ಮನ್ನು ಬಿಟ್ಟು ಬೇರೆ ಯಾರೂ ಗೆಲ್ಲುವಂತಿಲ್ಲ. ಅಂದರೆ ನಿಮಗೆ ವೀಟೊ ಬಂದಂತೆ. ನಿಜವಾದ ಭದ್ರತಾ ಮಂಡಳಿಯಲ್ಲಿ ಐದು ರಾಷ್ಟ್ರಗಳಿಗೆ ಆ ಅಧಿಕಾರವನ್ನು 1945ರ ಸನ್ನದು ಬರೆದು ಕೊಟ್ಟಿದೆ; ಇಲ್ಲಿ ಮಕ್ಕಳುಮರಿ ಹೆಚ್ಚಿಸಿಕೊಂಡರೆ ಸಾಕು! ಸೋತವನಿಗೂ ಒಂದು ದಾರಿಯುಂಟು. ತೀರ್ಪನ್ನು ಧಿಕ್ಕರಿಸಿ ಎಲ್ಲರ ಮೇಲೂ ಯುದ್ಧ ಸಾರಬಹುದು. ಮತಪೆಟ್ಟಿಗೆ ಒಡೆದು ಓಡುವುದಕ್ಕೆ ಆಟದ ನಿಯಮವೇ ಒಪ್ಪಿಗೆ ಕೊಟ್ಟ ಹಾಗೆ.

‘ಸಿವಿಲೈಸೇಷನ್’ಗೆ ವಿಶ್ವಸಂಸ್ಥೆಯ ಮೂಲಕ ಗೆಲ್ಲುವ ದಾರಿ ಬಂದದ್ದು 2001ರ ಮೂರನೆಯ ಆವೃತ್ತಿಯಲ್ಲಿ. 2005ರ ನಾಲ್ಕನೆಯದು ಒಂದು ಹೆಜ್ಜೆ ಮುಂದೆ ಹೋಗಿ, ಎದುರಾಳಿಯ ಮನಸ್ಸಿನ ಖಾತೆಪುಸ್ತಕವನ್ನೇ ಬಿಚ್ಚಿಟ್ಟಿತು. ವ್ಯಾಪಾರ ನ್ಯಾಯವಾಗಿ ನಡೆಸಿದ್ದಕ್ಕೆ ಇಷ್ಟು ಕೂಡು, ಅವನ ಗೆಳೆಯನ ಮೇಲೆ ದಂಡೆತ್ತಿದ್ದಕ್ಕೆ ಇಷ್ಟು ಕಳೆ, ಅನ್ಯಧರ್ಮ ಹಿಡಿದದ್ದಕ್ಕೆ ಇನ್ನಷ್ಟು ಕಳೆ. ಒಬ್ಬ ದೊರೆ ನಿಮ್ಮನ್ನು ಏಕೆ ದ್ವೇಷಿಸುತ್ತಾನೆಂದು ಅಂಕಿಗಳಲ್ಲಿ ಓದಬಹುದಿತ್ತು. 2007ರಲ್ಲಿ ಇದರ ವಿಸ್ತರಣೆಯಾಗಿ ಬಂದ ‘ಬಿಯಾಂಡ್ ದ ಸೋರ್ಡ್’ನಲ್ಲಿ ಇನ್ನೊಂದು ಸಭೆ ಸೇರಿಕೊಂಡಿತು: ಧರ್ಮಪೀಠದ ಸಭೆ. ಆ ಪೀಠದ ಧರ್ಮ ನಿಮ್ಮ ಊರುಗಳಲ್ಲಿ ಇದ್ದರೆ ಮಾತ್ರ ಮತ. ಅದೇ ನಿಮ್ಮ ರಾಜಧರ್ಮವಾದರೆ ಮತಕ್ಕೆ ಇನ್ನೂ ಹೆಚ್ಚು ತೂಕ. ಕನ್ನಡದಲ್ಲಿ ಓಟಿಗೂ ಧರ್ಮಕ್ಕೂ ‘ಮತ’ ಎಂಬ ಒಂದೇ ಮಾತು. ಆಟದಲ್ಲಿ ಅದು ಶ್ಲೇಷೆಯಾಗಿ ಉಳಿಯದೆ ನಿಯಮವೇ ಆಯಿತು. ಚತುರರಾದವರು ಎದುರಾಳಿಗಳ ನಾಡಿಗೆಲ್ಲ ಧರ್ಮಪ್ರಚಾರಕರನ್ನು ಕಳಿಸಿ, ಅಲ್ಲೊಂದು ಇಲ್ಲೊಂದು ಸಣ್ಣ ಊರಿಗೆ ಮಾತ್ರ ಆ ಧರ್ಮ ಹಬ್ಬಿಸಿ, ಶತಮಾನಗಳಷ್ಟು ಮೊದಲೇ ಚುನಾವಣೆ ಗೆದ್ದುಬಿಡುತ್ತಿದ್ದರು.

ಈ ನಾಲ್ಕನೆಯ ಆವೃತ್ತಿಯ ಮುಖ್ಯ ವಿನ್ಯಾಸಕಾರ ಸೋರೆನ್ ಜಾನ್ಸನ್. 2008ರಲ್ಲಿ ಆಟ ತಯಾರಕರ ಸಮ್ಮೇಳನವೊಂದರಲ್ಲಿ ಅವರು ಮಾಡಿದ ಉಪನ್ಯಾಸದ ವಿಷಯವೇ ‘ಸೋಲಲಿಕ್ಕಾಗಿ ಆಡುವುದು’. ಸಮಸ್ಯೆಯ ಗಂಟು ಇರುವುದು ಇಲ್ಲಿ. ಕಂಪ್ಯೂಟರ್ ಎದುರಾಳಿ ನಿಜವಾಗಿ ಗೆಲ್ಲಲೆಂದೇ ಆಡಿದರೆ ನಿಮಗೆ ಓಟು ಹಾಕುವ ಪ್ರಶ್ನೆಯೇ ಇಲ್ಲ. ನಿಮ್ಮ ಗೆಲುವೆಂದರೆ ಅದರ ಸೋಲು. ಆಗ ಚುನಾವಣೆ ಬರೀ ನಾಟಕ. ಹಾಗಲ್ಲದೆ ಕಂಪ್ಯೂಟರ್ ಒಬ್ಬ ರಾಜನ ಪಾತ್ರ ವಹಿಸಿ, ಉಪಕಾರ ಸ್ಮರಿಸಿ ಮತ ಹಾಕಿತೆನ್ನೋಣ. ಆಗ ನಿಮ್ಮ ಗೆಲುವು ಅದು ಕೊಟ್ಟ ದಾನ. ಮೊದಲನೆಯದರಲ್ಲಿ ಆಟಗಾರನಿಗೆ ಸಿಟ್ಟು, ಎರಡನೆಯದರಲ್ಲಿ ಬೇಸರ. ಜಾನ್ಸನ್ ಅವರ ಒಲವು ಎರಡನೆಯದರ ಕಡೆಗಿತ್ತು. ನನಗೂ ಅದೇ ಸರಿಯೆನಿಸುತ್ತದೆ. ಕೃತಜ್ಞತೆಯೇ ಇಲ್ಲದ ಕಡೆ ರಾಯಭಾರಿಗೆ ಏನು ಕೆಲಸ?

2010ರ ಐದನೆಯ ಆವೃತ್ತಿ ಮೊದಲನೆಯ ದಾರಿ ಹಿಡಿಯಿತು. ದೊಡ್ಡ ರಾಷ್ಟ್ರಗಳು ಸಾಮಾನ್ಯವಾಗಿ ತಮಗೇ ಮತ ಹಾಕಿಕೊಳ್ಳುತ್ತಿದ್ದವು. ಉಳಿದದ್ದು ನಗರರಾಜ್ಯಗಳ ಓಟು. ಅವುಗಳ ಒಲವನ್ನು ಚಿನ್ನ ಕೊಟ್ಟು ಕೊಳ್ಳಬಹುದಿತ್ತು. ಹೀಗಾಗಿ ರಾಜತಂತ್ರದ ಗೆಲುವೆಂಬುದು ಖಜಾನೆಯ ಗೆಲುವಾಯಿತೆಂದು ಆಡುವವರೇ ಹಾಸ್ಯ ಮಾಡಿದರು. ನೀವೂ ತನ್ನಂತೆಯೇ ಗೆಲ್ಲಲು ಹೊರಟಿದ್ದೀರೆಂಬ ಕಾರಣಕ್ಕೇ ಎದುರಾಳಿ ಮುನಿಸಿಕೊಳ್ಳುವುದೂ ಈ ಆವೃತ್ತಿಯಲ್ಲಿ ಇತ್ತು. ಅಲ್ಲಿಯವರೆಗೆ ರಾಜನಾಗಿದ್ದವನು ತಟ್ಟನೆ ಜೂಜುಗಾರನಂತೆ ಮಾತನಾಡಿದರೆ ಇತಿಹಾಸದ ವೇಷವೆಲ್ಲ ಕಳಚಿಬೀಳುತ್ತದೆ.

ಆರನೆಯ ಆವೃತ್ತಿ 2016ರದು. ಅದಕ್ಕೆ 2019ರಲ್ಲಿ ಸೇರಿದ ‘ಗ್ಯಾದರಿಂಗ್ ಸ್ಟಾರ್ಮ್’ ವಿಸ್ತರಣೆಯಲ್ಲಿ ‘ರಾಜತಾಂತ್ರಿಕ ಕೃಪೆ’ ಎಂಬ ಹೊಸ ನಾಣ್ಯ ಚಲಾವಣೆಗೆ ಬಂತು. ಮೊದಲ ಮತ ಉಚಿತ. ಆಮೇಲಿನ ಒಂದೊಂದು ಮತವೂ ಹಿಂದಿನದಕ್ಕಿಂತ ದುಬಾರಿ. ಎಲ್ಲರೂ ಒಟ್ಟಿಗೆ, ಗುಟ್ಟಾಗಿ ಮತ ಹಾಕುತ್ತಾರೆ. ಇಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಯಾರಾದರೊಬ್ಬರಿಗೆ ಗೆಲುವಿನ ಎರಡು ಅಂಕ ಕೊಡುವುದೋ ಅವರಿಂದ ಎರಡು ಅಂಕ ಕಿತ್ತುಕೊಳ್ಳುವುದೋ ಎಂಬ ನಿರ್ಣಯ ಬಂದಾಗ ಉಳಿದವರೆಲ್ಲ ಮುಂದಿರುವವನ ಮೇಲೆ ಬೀಳುತ್ತಾರೆ. ಆದರೆ ಗೆದ್ದ ನಿರ್ಣಯಕ್ಕೆ ಮತ ಹಾಕಿದವರಿಗೆ ಒಂದು ಅಂಕ ಸಿಗುತ್ತದೆ. ಆದ್ದರಿಂದ ಬುದ್ಧಿವಂತ ಆಟಗಾರ ತನ್ನ ವಿರುದ್ಧ ತಾನೇ ಮತ ಹಾಕುತ್ತಾನೆ! ಎರಡು ಕಳೆದುಕೊಂಡು ಒಂದನ್ನು ಮರಳಿ ಪಡೆಯುತ್ತಾನೆ. ಲೆಕ್ಕವೇನೋ ಸರಿಯಾಗಿದೆ, ಇದನ್ನು ರಾಜತಂತ್ರವೆಂದು ಕರೆಯಲು ಮಾತ್ರ ನಾಲಿಗೆ ಏಳುವುದಿಲ್ಲ.

ಎದುರಾಳಿಯ ನಡತೆ ಅರ್ಥವಾಗದಿದ್ದಾಗ ಜನ ಕಥೆ ಕಟ್ಟುತ್ತಾರೆ. ಅಣುಬಾಂಬ್ ಹಾಕುವ ಗಾಂಧಿಯ ಕಥೆ ಹುಟ್ಟಿದ್ದು ಹೀಗೆಯೇ ಇರಬೇಕು. ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆಗೆ 1 ಅಂಕವಿತ್ತಂತೆ. ಪ್ರಜಾಪ್ರಭುತ್ವ ಬಂದೊಡನೆ 2 ಕಳೆದು, ಸೊನ್ನೆಗಿಂತ ಕೆಳಗಿಳಿದ ಲೆಕ್ಕ ಸುತ್ತುಹೊಡೆದು 255 ಆಯಿತಂತೆ. ಕಥೆ ಲೋಕವೆಲ್ಲ ಹಬ್ಬಿತು. ಅಂಥ ದೋಷ ಇರಲೇ ಇಲ್ಲವೆಂದು 2020ರ ತಮ್ಮ ಆತ್ಮಕಥನದಲ್ಲಿ ಮೈಯರ್ ಹೇಳಿದರು. ಆ ಆಟದಲ್ಲಿ ಎಲ್ಲ ನಾಯಕರ ಬಾಯಲ್ಲೂ ಒಂದೇ ಅಣುಬೆದರಿಕೆ ಬರುತ್ತಿತ್ತು. ಗಾಂಧಿಯ ಬಾಯಲ್ಲಿ ಬಂದಾಗ ಜನ ಬೆಚ್ಚಿದರು, ನಕ್ಕರು, ನೆನಪಿಟ್ಟುಕೊಂಡರು. ಐದನೆಯ ಆವೃತ್ತಿಯಲ್ಲಂತೂ ತಯಾರಕರೇ ತಮಾಷೆಗೆಂದು ಗಾಂಧಿಗೆ ಅಣ್ವಸ್ತ್ರದ ಒಲವನ್ನು ಬೇಕೆಂದೇ ಹೆಚ್ಚಿಸಿದ್ದರು.

ಆರನೆಯ ಆವೃತ್ತಿಗೆ 2018ರಲ್ಲಿ ಸೇರಿದ ಚಂದ್ರಗುಪ್ತ ಮೌರ್ಯ ಇದಕ್ಕಿಂತ ನ್ಯಾಯವಾದ ಚಿತ್ರ. ಅವನ ವಿಶೇಷ ಶಕ್ತಿಯ ಹೆಸರೇ ‘ಅರ್ಥಶಾಸ್ತ್ರ’. ಗಡಿ ತಾಗುವವನನ್ನು ಕಂಡರೆ ಅವನಿಗೆ ಆಗದು, ದೂರದವನು ಪ್ರಿಯ. ಪಕ್ಕದವನು ಶತ್ರು, ಅವನಾಚೆಯವನು ಮಿತ್ರ ಎಂಬ ಕೌಟಿಲ್ಯನ ಮಂಡಲ ಸಿದ್ಧಾಂತದ ನೆರಳು ಇದು. ಮರೆಯಾಗಿದ್ದ ಆ ಗ್ರಂಥವನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸದಿದ್ದರೆ ಆಟ ತಯಾರಕರಿಗೆ ಈ ಹೆಸರು ಸಿಗುತ್ತಿತ್ತೋ ಇಲ್ಲವೋ.

ಎದುರಿಗೆ ಮನುಷ್ಯರೇ ಇದ್ದರೆ? ಅಲನ್ ಕ್ಯಾಲಮರ್ 1959ರಲ್ಲಿ ಪ್ರಕಟಿಸಿದ ‘ಡಿಪ್ಲೊಮಸಿ’ ಎಂಬ ಹಲಗೆಯಾಟದಲ್ಲಿ ದಾಳವಿಲ್ಲ, ಅಂಕಿಗಳ ಖಾತೆಯೂ ಇಲ್ಲ. ಏಳು ಜನ ಮೂಲೆಮೂಲೆಯಲ್ಲಿ ನಿಂತು ಪಿಸುಗುಟ್ಟಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಆಮೇಲೆ ಪ್ರತಿಯೊಬ್ಬನೂ ತನ್ನ ಆಜ್ಞೆಗಳನ್ನು ಗುಟ್ಟಾಗಿ ಬರೆಯುತ್ತಾನೆ. ಕೊಟ್ಟ ಮಾತು ನಿಂತಿತೋ ಮುರಿಯಿತೋ ಚೀಟಿ ಬಿಚ್ಚಿದಾಗಲೇ ತಿಳಿಯುವುದು. 2022ರಲ್ಲಿ ಮೆಟಾ ಕಂಪನಿಯ ಸಂಶೋಧಕರು ‘ಸಿಸಿರೊ’ ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಈ ಆಟಕ್ಕೆ ಇಳಿಸಿದರು. ಅದು ಮನುಷ್ಯರೊಂದಿಗೆ ಬರಹದಲ್ಲೇ ಸಂಧಾನ ನಡೆಸಿ, 40 ಪಂದ್ಯಗಳಲ್ಲಿ, ಒಂದಕ್ಕಿಂತ ಹೆಚ್ಚು ಬಾರಿ ಆಡಿದವರ ಪೈಕಿ ಮೇಲಿನ ಶೇಕಡಾ 10ರೊಳಗೆ ನಿಂತಿತು. ಮಾತು ಕೊಡುವ ಹೊತ್ತಿನಲ್ಲಿ ತನ್ನ ಮನಸ್ಸಿನಲ್ಲಿರುವ ಯೋಜನೆಗೆ ಹೊಂದುವಂತೆಯೇ ಮಾತನಾಡಬೇಕೆಂದು ಅದನ್ನು ರೂಪಿಸಲಾಗಿತ್ತು. ಆದರೆ ಆಮೇಲೆ ಮನಸ್ಸು ಬದಲಾಯಿಸಲು ಅದಕ್ಕೆ ಅಡ್ಡಿಯಿರಲಿಲ್ಲ.