ಸೈನಿಕನ ಎರಡನೆಯ ವೃತ್ತಿ

ಭಾರತದ ಮೂರು ಸೇನಾಪಡೆಗಳಿಂದ ಪ್ರತಿವರ್ಷ ಸುಮಾರು 60 ಸಾವಿರ ಮಂದಿ ನಿವೃತ್ತರಾಗುತ್ತಾರೆ ಅಥವಾ ಬಿಡುಗಡೆ ಹೊಂದುತ್ತಾರೆ. ಅವರಲ್ಲಿ ಬಹುಪಾಲಿನವರ ವಯಸ್ಸು 35ರಿಂದ 45ರ ನಡುವೆ ಇರುತ್ತದೆ. ಕಚೇರಿಯ ಗುಮಾಸ್ತನು 60ರವರೆಗೆ ಕುರ್ಚಿಯಲ್ಲಿ ಮುಂದುವರಿಯುವ ದೇಶದಲ್ಲಿ ಸಿಪಾಯಿಯನ್ನು ಇಷ್ಟು ಬೇಗ ಮನೆಗೆ ಕಳುಹಿಸುವುದಕ್ಕೆ ಕಾರಣ ಅವನ ಕೆಲಸದ ಸ್ವರೂಪದಲ್ಲೇ ಇದೆ: ಬೆನ್ನ ಮೇಲೆ ಭಾರ ಹೊತ್ತು ಎತ್ತರದ ಗಡಿಗಳಲ್ಲಿ ಗಸ್ತು ತಿರುಗಲು ಎಳೆಯ ಮೈಕಟ್ಟು ಬೇಕಾಗುವುದರಿಂದ ಸೇನೆಯು ಕೆಳದರ್ಜೆಗಳ ಸೇವಾವಧಿಯನ್ನು ಮೊದಲಿನಿಂದಲೂ ಮಿತವಾಗಿರಿಸಿದೆ. 15 ವರ್ಷ ದುಡಿದ ಸಿಪಾಯಿಗೆ ಪಿಂಚಣಿಯ ಹಕ್ಕು ಲಭಿಸುತ್ತದೆ. ಅಧಿಕಾರಿಗಳಿಗಾದರೆ ಈ ಮಿತಿ 20 ವರ್ಷ. ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ಸೀಮಿತ ಅವಧಿಯ ನೇಮಕಾತಿ, ಪಡೆದ ಅಧಿಕಾರಿಯು 10 ಅಥವಾ 14 ವರ್ಷಗಳ ಬಳಿಕ ಪಿಂಚಣಿಯಿಲ್ಲದೆಯೇ ಹೊರಬರುತ್ತಾನೆ. ಮಕ್ಕಳ ಓದು, ಮನೆಯ ಸಾಲ, ವೃದ್ಧ ತಂದೆತಾಯಿಯರ ಆರೈಕೆ ಎಲ್ಲವೂ ಏಕಕಾಲಕ್ಕೆ ಎದುರು ನಿಲ್ಲುವ ವಯಸ್ಸಿನಲ್ಲಿ ಎರಡನೆಯ ವೃತ್ತಿಯನ್ನು ಹುಡುಕುವುದು ಹೀಗೆ ಅವರಿಗೆ ಅನಿವಾರ್ಯವಾಗುತ್ತದೆ.

ಈ ಹುಡುಕಾಟದಲ್ಲಿ ಅವರಿಗೆ ನೆರವಾಗುವ ಹೊಣೆಯನ್ನು ಹಂಚಿಕೊಂಡಿರುವ ಸಂಸ್ಥೆಗಳು ಹಲವು. ರಕ್ಷಣಾ ಸಚಿವಾಲಯದಲ್ಲಿ 2004ರಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆಯೊಂದು ರಚನೆಯಾಯಿತು. ಅದರ ಅಡಿಯಲ್ಲಿರುವ ಪುನರ್ವಸತಿ ಮಹಾನಿರ್ದೇಶನಾಲಯವು, ಅಂದರೆ ಸೈನಿಕರು ಡಿಜಿಆರ್ ಎಂದೇ ಕರೆಯುವ ಕಚೇರಿಯು, ತರಬೇತಿ ಮತ್ತು ಉದ್ಯೋಗದ ಕೆಲಸವನ್ನೂ, ಕೇಂದ್ರೀಯ ಸೈನಿಕ ಮಂಡಳಿಯು ಕಲ್ಯಾಣ ಕಾರ್ಯಗಳನ್ನೂ ನೋಡಿಕೊಳ್ಳುತ್ತವೆ. ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದ್ದು, ಕೊಡಗು, ಬೆಳಗಾವಿ, ಧಾರವಾಡದಂತಹ ಜಿಲ್ಲೆಗಳಲ್ಲಿರುವ ಅದರ ಕಚೇರಿಗಳು ಮಾಜಿ ಸೈನಿಕನ ಗುರುತಿನ ಚೀಟಿಯಿಂದ ಹಿಡಿದು ಉದ್ಯೋಗಕ್ಕಾಗಿ ಹೆಸರು ನೋಂದಾಯಿಸುವವರೆಗಿನ ಕೆಲಸಗಳನ್ನು ನಿರ್ವಹಿಸುತ್ತವೆ. ವ್ಯವಸ್ಥೆಯ ಹರವು ಚಿಕ್ಕದೇನಲ್ಲ. ಆದರೂ ಅದು ಬಹುಕಾಲ ಕೇಳಿಕೊಂಡ ಪ್ರಶ್ನೆ ಒಂದೇ: ಈ ವ್ಯಕ್ತಿಗೆ ಯಾವ ಹುದ್ದೆ ಕೊಡಿಸಬಹುದು? ಅವನು ಸೇವೆಯಲ್ಲಿ ಏನನ್ನು ಕಲಿತಿದ್ದಾನೆ, ಆ ಕಲಿಕೆಯನ್ನು ನಾಗರಿಕ ಜಗತ್ತು ಒಪ್ಪುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಬಹಳ ತಡವಾಗಿ ಬಂತು.

ಹುದ್ದೆಯ ಲೆಕ್ಕದಲ್ಲಿ ನಿಯಮಗಳು ಉದಾರವಾಗಿಯೇ ಇವೆ. ಕೇಂದ್ರ ಸರ್ಕಾರದ ‘ಸಿ’ ಗುಂಪಿನ ನೇರ ನೇಮಕಾತಿಯಲ್ಲಿ ಶೇ. 10 ಹುದ್ದೆಗಳು ಮಾಜಿ ಸೈನಿಕರಿಗೆ ಮೀಸಲು. ಸಾರ್ವಜನಿಕ ವಲಯದ ಉದ್ದಿಮೆಗಳು ಮತ್ತು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಈ ಪ್ರಮಾಣ, ಅಂಗವಿಕಲ ಸೈನಿಕರು ಹಾಗೂ ಹುತಾತ್ಮರ ಅವಲಂಬಿತರಿಗಾಗಿ ಇರಿಸಿದ ಶೇ. 4.5ನ್ನೂ ಸೇರಿಸಿ, ಶೇ. 14.5. ವಯೋಮಿತಿಯನ್ನು ಲೆಕ್ಕ ಹಾಕುವಾಗ ಅಭ್ಯರ್ಥಿಯ ವಯಸ್ಸಿನಿಂದ ಸೇನೆಯಲ್ಲಿ ಕಳೆದ ವರ್ಷಗಳನ್ನು ಕಳೆಯಲಾಗುತ್ತದೆ, ಅದರ ಮೇಲೆ ಇನ್ನೂ 3 ವರ್ಷಗಳ ರಿಯಾಯಿತಿ ಸಿಗುತ್ತದೆ. ಕರ್ನಾಟಕ ಲೋಕಸೇವಾ ಆಯೋಗದ ಅಧಿಸೂಚನೆಗಳಲ್ಲಿಯೂ ಮಾಜಿ ಸೈನಿಕರಿಗೆ ಸಮತಲ ಮೀಸಲಾತಿಯಿದೆ. ಸಮತಲವೆಂದರೆ ಸಾಮಾನ್ಯ ವರ್ಗ, ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಮೊದಲಾದ ಪ್ರತಿಯೊಂದು ಪ್ರವರ್ಗದ ಒಳಗೇ ಅವರ ಪಾಲನ್ನು ತೆಗೆದಿಡುವ ಕ್ರಮ. ಹೀಗಿದ್ದೂ ಮೀಸಲು ಹುದ್ದೆಗಳು ಪೂರ್ತಿ ಭರ್ತಿಯಾಗುವುದಿಲ್ಲವೆಂಬುದನ್ನು ಸಂಸತ್ತಿನ ಸ್ಥಾಯಿ ಸಮಿತಿಗಳು ಹಲವು ಬಾರಿ ಎತ್ತಿ ತೋರಿಸಿವೆ. ಇದಕ್ಕೆ ಅಧಿಕಾರಿಗಳ ಅಸಡ್ಡೆಯನ್ನಷ್ಟೇ ದೂರಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುತ್ತದೆ. ಹುದ್ದೆಗೆ ಬೇಕಾದ ವಿದ್ಯಾರ್ಹತೆ ಇರದ ಅಭ್ಯರ್ಥಿ, ಅಥವಾ ಇದ್ದರೂ ಎರಡು ದಶಕಗಳಿಂದ ಲಿಖಿತ ಪರೀಕ್ಷೆಯ ಸಹವಾಸವನ್ನೇ ಬಿಟ್ಟಿರುವ ಅಭ್ಯರ್ಥಿ, ಆಗತಾನೇ ಕಾಲೇಜಿನಿಂದ ಹೊರಬಂದು ಕೋಚಿಂಗ್ ಕೇಂದ್ರದಲ್ಲಿ ಪಳಗಿದ ತರುಣನ ಎದುರು ಅದೇ ಪ್ರಶ್ನೆಪತ್ರಿಕೆಯನ್ನು ಬಿಡಿಸಬೇಕಾಗಿರುವುದು ಉಳಿದರ್ಧ.

ವಿದ್ಯಾರ್ಹತೆಯ ಈ ಕೊರತೆಯನ್ನು ತುಂಬಲು ಸರ್ಕಾರ 1986ರಲ್ಲಿ ಒಂದು ದಾರಿಯನ್ನು ಕಂಡುಕೊಂಡಿತು. ಹತ್ತನೆಯ ತರಗತಿ ತೇರ್ಗಡೆಯಾಗಿ ಕನಿಷ್ಠ 15 ವರ್ಷ ಸೇವೆ ಸಲ್ಲಿಸಿದ ಸೈನಿಕನನ್ನು, ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಲ್ಲದ ‘ಸಿ’ ಗುಂಪಿನ ಹುದ್ದೆಗಳ ಮಟ್ಟಿಗೆ, ಪದವೀಧರನಿಗೆ ಸಮನೆಂದು ಪರಿಗಣಿಸಬಹುದೆಂಬುದು ಆ ಆದೇಶದ ಸಾರ. ಸೇವೆಗೆ ಸಂದ ಗೌರವವೆಂದು ಅದನ್ನು ಮೆಚ್ಚಬಹುದು; ಆದರೆ ಅದು ನೇಮಕಾತಿಯ ಬಾಗಿಲಿನಲ್ಲಿ ಮಾತ್ರ ಸಲ್ಲುವ ಚೀಟಿ. ಅದನ್ನು ಹಿಡಿದು ಎಂ.ಎ. ಅಥವಾ ಎಂ.ಬಿ.ಎ. ತರಗತಿಗೆ ಸೇರಲಾಗದು, ಖಾಸಗಿ ಕಂಪನಿಯೊಂದರ ಮುಂದೆ ಪದವಿಯೆಂದು ತೋರಿಸಲಾಗದು. 15 ವರ್ಷಗಳಲ್ಲಿ ಅವನು ಕಲಿತದ್ದೇನು ಎಂಬುದರ ಬಗ್ಗೆಯೂ ಆ ಪ್ರಮಾಣಪತ್ರ ಏನನ್ನೂ ಹೇಳುವುದಿಲ್ಲ. ರೇಡಿಯೊ ದುರಸ್ತಿ ಮಾಡುತ್ತಿದ್ದವನಿಗೂ ಉಗ್ರಾಣ ನೋಡಿಕೊಳ್ಳುತ್ತಿದ್ದವನಿಗೂ ಒಂದೇ ಬಗೆಯ ಕಾಗದ ಸಿಗುತ್ತದೆ.

ನಿಜವಾದ ತೊಡಕಿರುವುದು ಇಲ್ಲಿಯೇ. ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕನು ಸೇತುವೆ ಕಟ್ಟುವುದನ್ನೂ, ನೆಲಬಾಂಬುಗಳನ್ನು ತೆಗೆಯುವುದನ್ನೂ ಕಲಿತಿರುತ್ತಾನೆ. ಸೇನಾ ವೈದ್ಯಕೀಯ ದಳದ ನರ್ಸಿಂಗ್ ಅಸಿಸ್ಟೆಂಟ್ ಗಾಯಾಳುಗಳ ಆರೈಕೆಯಲ್ಲಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡಿರುತ್ತಾನೆ. ಆದರೆ ಊರಿನ ಆಸ್ಪತ್ರೆಯಲ್ಲಿ ಶುಶ್ರೂಷಕನಾಗಲು ರಾಜ್ಯದ ನರ್ಸಿಂಗ್ ಪರಿಷತ್ತಿನ ನೋಂದಣಿ ಬೇಕು, ನೋಂದಣಿಗೆ ಮಾನ್ಯತೆ ಪಡೆದ ಡಿಪ್ಲೊಮಾ ಅಥವಾ ಪದವಿ ಬೇಕು. ಅನುಭವ ಎಷ್ಟೇ ಇದ್ದರೂ ಅದು ಆ ಜಾಗವನ್ನು ತುಂಬದು. ರೋಗಿಯ ಸುರಕ್ಷತೆಯ ದೃಷ್ಟಿಯಿಂದ ಈ ಕಟ್ಟುನಿಟ್ಟು ತಪ್ಪೆನ್ನಲಾಗದು. ತಪ್ಪಿರುವುದು, ಸೇವೆಯಲ್ಲಿರುವಾಗಲೇ ಆ ಅರ್ಹತೆಯ ಕೊರತೆಯನ್ನು ತುಂಬಿಕೊಳ್ಳುವ ಸಣ್ಣ ಅವಧಿಯ ಸೇತುಬಂಧ ಕೋರ್ಸುಗಳು ಸಾಕಷ್ಟು ಇಲ್ಲದಿರುವುದರಲ್ಲಿ. ಯಾವ ಸೇನಾ ಕಸಬು ಯಾವ ನಾಗರಿಕ ಕಸಬಿಗೆ ಸಮ ಎಂದು ಉದ್ಯೋಗ ವಿನಿಮಯ ಕೇಂದ್ರಗಳಿಗೆ ತಿಳಿಸುವ ಕೈಪಿಡಿಯೊಂದನ್ನು ಡಿಜಿಆರ್ ಹೊರತಂದಿದೆ. ಆದರೆ ಕೆಲಸ ಕೊಡುವವನ ಮೇಜಿನ ಮೇಲೆ ಆ ಪುಸ್ತಕ ಇರುವುದಿಲ್ಲ.

ಅಮೆರಿಕವು ಇದೇ ಪ್ರಶ್ನೆಗೆ ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬೇರೆಯೇ ಉತ್ತರವನ್ನು ಕೊಟ್ಟಿತು. ಅಧ್ಯಕ್ಷ ರೂಸ್‌ವೆಲ್ಟ್ 1944ರ ಜೂನ್ 22ರಂದು ಸಹಿ ಹಾಕಿದ, ‘ಜಿ.ಐ. ಬಿಲ್’ ಎಂದು ಹೆಸರಾದ ಕಾಯಿದೆಯು ಮರಳಿದ ಸೈನಿಕನಿಗೆ ಕಾಲೇಜಿನ ಶುಲ್ಕಕ್ಕಾಗಿ ವರ್ಷಕ್ಕೆ 500 ಡಾಲರುಗಳವರೆಗೆ ಹಣವನ್ನೂ ಓದುವಷ್ಟು ಕಾಲ ಮಾಸಿಕ ಜೀವನಭತ್ಯೆಯನ್ನೂ ಒದಗಿಸಿತು. ಈ ಔದಾರ್ಯದ ಹಿಂದೆ ಭಯವೂ ಇತ್ತು: ಮೊದಲ ಮಹಾಯುದ್ಧದ ಯೋಧರು ತಮಗೆ ಬರಬೇಕಾದ ಬೋನಸ್ಸಿಗಾಗಿ 1932ರಲ್ಲಿ ವಾಷಿಂಗ್ಟನ್ನಿನಲ್ಲಿ ಡೇರೆ ಹಾಕಿ ಕುಳಿತದ್ದು, ಅವರನ್ನು ಸೈನ್ಯವೇ ಚದುರಿಸಿದ್ದು ಯಾರಿಗೂ ಮರೆತಿರಲಿಲ್ಲ. ಕಾಲೇಜುಗಳ ಮಟ್ಟ ಕುಸಿದೀತೆಂದು ಕೆಲವು ದೊಡ್ಡ ವಿಶ್ವವಿದ್ಯಾಲಯಗಳ ಮುಖ್ಯಸ್ಥರೇ ಆಕ್ಷೇಪಿಸಿದರು. ಆದರೆ 1947ರ ವೇಳೆಗೆ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಮಾಜಿ ಯೋಧರಾಗಿದ್ದರು. 1956ರ ಹೊತ್ತಿಗೆ ಸುಮಾರು 78 ಲಕ್ಷ ಮಂದಿ ಶಿಕ್ಷಣ ಅಥವಾ ತರಬೇತಿಯ ಸೌಲಭ್ಯ ಪಡೆದಿದ್ದರು, ಅವರಲ್ಲಿ 22 ಲಕ್ಷ ಮಂದಿ ಕಾಲೇಜು ಮೆಟ್ಟಿಲೇರಿದವರು. ವರ್ಣಭೇದ ಬಿಗಿಯಾಗಿದ್ದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಸೈನಿಕರಿಗೆ ಇದರ ಫಲ ಸರಿಯಾಗಿ ತಲುಪಲಿಲ್ಲವೆಂಬ ಕಳಂಕವೂ ಆ ಕಾಯಿದೆಗಿದೆ. ಭಾರತದ ಮಟ್ಟಿಗೆ ಗಮನಿಸಬೇಕಾದುದು ಅಲ್ಲಿನ ಇನ್ನೊಂದು ಪದ್ಧತಿ: ಸೈನಿಕನು ಪಡೆದ ತರಬೇತಿಯನ್ನು ಶಿಕ್ಷಣತಜ್ಞರು ಪರಿಶೀಲಿಸಿ, ಅದು ಕಾಲೇಜಿನ ಎಷ್ಟು ಕ್ರೆಡಿಟ್‌ಗಳಿಗೆ, ಅಂದರೆ ಎಷ್ಟು ಗಂಟೆಗಳ ಕಲಿಕೆಯ ಅಂಕಮಾನಕ್ಕೆ, ಸಮವೆಂದು ಶಿಫಾರಸು ಮಾಡುತ್ತಾರೆ, ಮತ್ತು ಆ ವಿವರ ಅವನ ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ.

ಭಾರತದಲ್ಲಿ ಶಿಕ್ಷಣದ ನೆರವು ಹೆಚ್ಚಾಗಿ ಸೈನಿಕನ ಮಕ್ಕಳ ಕಡೆಗೆ ಹರಿದಿದೆ. ಪ್ರಧಾನಮಂತ್ರಿಯವರ ವಿದ್ಯಾರ್ಥಿವೇತನ ಯೋಜನೆಯಡಿ ಮಾಜಿ ಸೈನಿಕರ ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ, ಗಂಡುಮಕ್ಕಳಿಗೆ 2,500 ರೂಪಾಯಿ ಸಿಗುತ್ತದೆ. ಕರ್ನಾಟಕದ ಸಿಇಟಿಯಲ್ಲಿಯೂ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ಪ್ರವರ್ಗವಿದೆ. ಸೈನಿಕನಿಗಾಗಿಯೇ ಇರುವುದು ನಿವೃತ್ತಿಯ ಅಂಚಿನಲ್ಲಿ ಡಿಜಿಆರ್ ಏರ್ಪಡಿಸುವ ಕೋರ್ಸುಗಳು. ಅಧಿಕಾರಿಗಳು ಐಐಎಂಗಳಂತಹ ಸಂಸ್ಥೆಗಳಲ್ಲಿ 24 ವಾರಗಳ ನಿರ್ವಹಣಾ ತರಬೇತಿ ಪಡೆದು ಕಂಪನಿಗಳ ಆಡಳಿತ, ಸರಕು ಸಾಗಣೆ, ಭದ್ರತಾ ವಿಭಾಗಗಳಿಗೆ ಸೇರುತ್ತಾರೆ. ಜವಾನರಿಗೂ ಜೆಸಿಒಗಳಿಗೂ, ಅಂದರೆ ಸುಬೇದಾರ್ ಮೊದಲಾದ ಕಿರಿಯ ಅಧಿಕಾರಿ ದರ್ಜೆಯವರಿಗೂ, ಇರುವ ಕೋರ್ಸುಗಳಿಂದ ಹೊರಬಂದವರಲ್ಲಿ ಅನೇಕರು ಕೊನೆಗೆ ಸೇರುವುದು ಅಪಾರ್ಟ್‌ಮೆಂಟು, ಬ್ಯಾಂಕು, ಕಾರ್ಖಾನೆಗಳ ಗೇಟಿನ ಕಾವಲಿಗೆ. ಡಿಜಿಆರ್ ಪಟ್ಟಿಯಲ್ಲಿರುವ, ಮಾಜಿ ಅಧಿಕಾರಿಗಳು ನಡೆಸುವ ಭದ್ರತಾ ಸಂಸ್ಥೆಗಳು ಈ ಕೆಲಸವನ್ನು ಕ್ರಮಬದ್ಧವಾಗಿ ಒದಗಿಸುತ್ತವೆ. ಕಾವಲುಗಾರನ ಕೆಲಸ ಕೀಳಲ್ಲ. ಆದರೆ ರೇಡಾರ್ ನಿಭಾಯಿಸಿದವನನ್ನೂ, ಟ್ಯಾಂಕಿನ ಎಂಜಿನ್ ಬಿಚ್ಚಿ ಜೋಡಿಸಿದವನನ್ನೂ ಅದೇ ಗೇಟಿಗೆ ಕಳುಹಿಸುವುದು ದೇಶವು ತನ್ನದೇ ಹಣದಿಂದ ಬೆಳೆಸಿದ ಕುಶಲತೆಯನ್ನು ದಂಡ ಮಾಡಿಕೊಂಡಂತೆ.

ಗಾಯಗೊಂಡವರ ವಿಷಯದಲ್ಲಿ ಮಾತ್ರ ಹೊಸ ಕಸಬಿನ ಮಹತ್ವವನ್ನು ಭಾರತ ಬೇಗ ಕಂಡುಕೊಂಡಿತ್ತು. 1917ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮುಂದೆ ಪುಣೆಯ ಖಡಕಿಗೆ ಸ್ಥಳಾಂತರಗೊಂಡ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯು ಅಂಗವಿಕಲ ಸೈನಿಕರಿಗೆ ಹೊಸ ಕಸಬುಗಳನ್ನು ಕಲಿಸುತ್ತ ಬಂದಿದೆ. ಇನ್ನು ಮಾಜಿ ಸೈನಿಕರಲ್ಲಿ ಸಂಘಟನೆಯ ಕೊರತೆಯನ್ನು ಮನಗಂಡವರಲ್ಲಿ ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ ಮುಖ್ಯರು; ಭೂಸೇನೆಯ ಮೊದಲ ಭಾರತೀಯ ದಂಡನಾಯಕರಾಗಿದ್ದ ಅವರು ನಿವೃತ್ತಿಯ ಬಳಿಕ, 1964ರಲ್ಲಿ, ಮಾಜಿ ಸೈನಿಕರ ಅಖಿಲ ಭಾರತ ಸಂಘವನ್ನು ಕಟ್ಟಿದರು.

ಕಲಿಕೆಗೆ ಮಾನ್ಯತೆ ಕೊಡುವ ಪ್ರಶ್ನೆಯನ್ನು ಮುಂದೂಡಲಾಗದಂತೆ ಮಾಡಿದ್ದು 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ. ಹದಿನೇಳೂವರೆಯಿಂದ 21 ವರ್ಷದೊಳಗಿನ ಯುವಜನರನ್ನು ನಾಲ್ಕು ವರ್ಷಗಳಿಗೆ ಸೇರಿಸಿಕೊಂಡು, ಅವರಲ್ಲಿ ಗರಿಷ್ಠ ಶೇ. 25 ಮಂದಿಯನ್ನಷ್ಟೇ ಕಾಯಂಗೊಳಿಸುವುದು ಅದರ ಮೂಲ ರೂಪ. ಉಳಿದವರಿಗೆ ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ, ಮಾಜಿ ಸೈನಿಕನೆಂಬ ಕಾನೂನಿನ ಸ್ಥಾನವೂ ಇಲ್ಲ. ಅವರ ಕೈಗೆ ಬರುವುದು ಅವರ ವಂತಿಗೆ ಮತ್ತು ಸರ್ಕಾರದ ಸಮಪಾಲು ಸೇರಿ ಬಡ್ಡಿಯೊಡನೆ ಸುಮಾರು 11.71 ಲಕ್ಷ ರೂಪಾಯಿಯಾಗುವ, ಆದಾಯ ತೆರಿಗೆಯಿಲ್ಲದ ಸೇವಾನಿಧಿ. ಕೇಂದ್ರ ಅರೆಸೇನಾ ಪಡೆಗಳಲ್ಲಿ ಶೇ. 10 ಮೀಸಲಾತಿಯನ್ನು ಗೃಹ ಸಚಿವಾಲಯ ಆಗಲೇ ಘೋಷಿಸಿತು. ಅಗ್ನಿವೀರರೆಂದು ಕರೆಯಲಾಗುವ ಈ ಯುವಜನರಿಗಾಗಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ, ರೂಪಿಸಿದ ಮೂರು ವರ್ಷದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್‌ಗಳು ಸೇನೆಯಲ್ಲಿ ಪಡೆದ ತರಬೇತಿಯಿಂದಲೇ ಬರುತ್ತವೆ. ಉಳಿದರ್ಧಕ್ಕೆ ಭಾಷೆ, ಅರ್ಥಶಾಸ್ತ್ರ, ವಾಣಿಜ್ಯ, ಪ್ರವಾಸೋದ್ಯಮ, ಕೃಷಿಯಿಂದ ಹಿಡಿದು ಜ್ಯೋತಿಷದವರೆಗಿನ ವಿಷಯಗಳನ್ನು ಆರಿಸಿಕೊಳ್ಳಬಹುದು. ಮೊದಲ ವರ್ಷಕ್ಕೆ ಪ್ರಮಾಣಪತ್ರ, ಎರಡನೆಯದಕ್ಕೆ ಡಿಪ್ಲೊಮಾ, ಮೂರನೆಯದಕ್ಕೆ ಪದವಿ ಎಂಬ ಹಂತಗಳಿರುವುದರಿಂದ ನಡುವೆ ನಿಲ್ಲಿಸಿದವನೂ ಬರಿಗೈಯಲ್ಲಿ ಹೋಗುವುದಿಲ್ಲ. ಸೇನಾ ತರಬೇತಿಯೇ ವಿಶ್ವವಿದ್ಯಾಲಯದ ಅಂಕಪಟ್ಟಿಗೆ ಏರುವ ಈ ವ್ಯವಸ್ಥೆಯು 1986ರ ಸಮಾನತೆಯ ಆದೇಶಕ್ಕಿಂತ ಬಹಳ ಮುಂದಿನ ಹೆಜ್ಜೆ.

ಆದರೆ ಹಾಗೆ ಬಂದ ಪದವಿಯ ಬೆಲೆಯನ್ನು ನಿಗದಿಮಾಡುವವರು ನೌಕರಿ ಕೊಡುವವರು. ಮೊದಲ ಅಗ್ನಿವೀರರು 2022ರ ಕೊನೆಯಲ್ಲಿ ತರಬೇತಿಗೆ ಸೇರಿದ್ದರಿಂದ ಅವರ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ತುಂಬುತ್ತದೆ. ಕಾಯಂ ಆಗದೆ ಬೆಳಗಾವಿಗೋ ವಿಜಯಪುರಕ್ಕೋ ಮರಳುವ 23-24ರ ತರುಣನಿಗೆ ಜಿಲ್ಲಾ ಸೈನಿಕ ಕಚೇರಿಯ ಹಳೆಯ ನಿಯಮಗಳು ಅನ್ವಯಿಸುವುದಿಲ್ಲ. ಅವನ ಪದವಿಯ ಕ್ರೆಡಿಟ್‌ಗಳನ್ನು ರಾಜ್ಯದ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ಒಪ್ಪಬೇಕು, ಐಟಿಐಗಳು ಅವನ ಕಸಬನ್ನು ಪರೀಕ್ಷಿಸಿ ಪ್ರಮಾಣೀಕರಿಸುವಂತಿರಬೇಕು, ಅದಕ್ಕೆ ಬೇಕಾದ ತರಬೇತಿಯ ವಿವರಗಳನ್ನು ಅವನ ರೆಜಿಮೆಂಟು ಡಿಸ್ಚಾರ್ಜ್ ಪುಸ್ತಕದೊಡನೆ ಬರೆದುಕೊಡಬೇಕು. ಈ ಮೂರರಲ್ಲಿ ಕೊನೆಯದಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ.