ಲೈಟ್ ಉರಿಯುತ್ತಿದೆ, ಕೋಡ್ ಮಾತ್ರ ಇಲ್ಲ!

ಊರಿಗೆ ಹೊರಡುವ ಹಿಂದಿನ ದಿನವೇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆ ಹಳದಿ ಎಂಜಿನ್ ಚಿತ್ರ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಓಡುತ್ತೀರಿ. ಹುಡುಗ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿ, 'ಕುಛ್ ನಹೀ ಹೈ ಸಾಬ್' ಅನ್ನುತ್ತಾನೆ. ಆದರೆ ಲೈಟ್ ಉರಿಯುತ್ತಲೇ ಇದೆ. ಇನ್ನು ಸಿಗುವ ಸಲಹೆ ಎರಡೇ: 'ಹಾಗೇ ಓಡಿಸಿ', ಇಲ್ಲವೇ 'ಇಸಿಯು ಬದಲಿಸಬೇಕು'. ಎರಡೂ ಬರೀ ಊಹೆ. ಪುಣೆಯಿಂದ ಬೆಂಗಳೂರಿಗೆ 800 ಕಿ.ಮೀ.ಗೂ ಹೆಚ್ಚು ದಾರಿ, ಹಿಂದಿನ ಸೀಟಿನಲ್ಲಿ ಮಕ್ಕಳು. ಊಹೆ ನಂಬಿ ಹೊರಡುವುದು ಹೇಗೆ?

ಮೊದಲು ಲೈಟನ್ನೇ ಸರಿಯಾಗಿ ನೋಡಿ. ಮಿಣುಕುತ್ತಿದ್ದರೆ ಸಾಮಾನ್ಯವಾಗಿ ಮಿಸ್‌ಫೈರ್ ಎಂದರ್ಥ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಟ್ಟುಹಾಕಬಹುದು, ಹಾಗಾಗಿ ಪ್ರಯಾಣ ಅಲ್ಲಿಗೇ ನಿಲ್ಲಿಸಿ. ಜೊತೆಗೆ ಆಯಿಲ್ ಅಥವಾ ಟೆಂಪರೇಚರ್‌ನ ಕೆಂಪು ದೀಪ ಬಂದರೂ ಅಷ್ಟೇ. ಚಿತ್ರ ಎಂಜಿನ್‌ದಲ್ಲ, ಸ್ಪಾನರ್‌ದು ಎಂದಾದರೆ ಎಷ್ಟೋ ಕಾರುಗಳಲ್ಲಿ ಅದು ಸರ್ವಿಸ್ ಬಾಕಿ ಇದೆ ಎನ್ನುವ ಜ್ಞಾಪನೆ ಮಾತ್ರ; ಅದಕ್ಕೆ ಕೋಡ್ ಹುಡುಕಿ ಪ್ರಯೋಜನವಿಲ್ಲ.

ಇನ್ನು ಸ್ಕ್ಯಾನರ್ ವಿಚಾರ. ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್4 ಕಾರುಗಳಿಗೆ ಓಬಿಡಿ-2 ಕಡ್ಡಾಯವಾಯಿತು. 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೇ ಇರುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಫೋನಿನಲ್ಲಿ ಆ್ಯಪ್ ತೆರೆದರೆ ಸಾಕು. ಒಂದೇ ತೊಂದರೆ: ಕೆಲವು ಆ್ಯಪ್‌ಗಳು ಇಸಿಯು ಜೊತೆ ಮಾತೇ ಆಗದಿದ್ದರೂ 'ದೋಷವಿಲ್ಲ' ಎಂದು ಹಸಿರು ಟಿಕ್ ಹಾಕಿಬಿಡುತ್ತವೆ. ಎಂಜಿನ್ ಚಾಲೂ ಮಾಡಿ ಲೈವ್ ಡೇಟಾದಲ್ಲಿ ಆರ್‌ಪಿಎಂ ಬರುತ್ತಿದೆಯೇ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಅಂಕಿ ಏರಿದರೆ ಮಾತ್ರ ಸಂಪರ್ಕ ನಿಜ.

ಈಗ ಮುಖ್ಯ ಪ್ರಶ್ನೆ. ನಮ್ಮ ಐಟಿ ಕೆಲಸದಲ್ಲಿ ಮಾನಿಟರಿಂಗ್ ಪರದೆ ಕೆಂಪಾಗಿ, ಲಾಗ್ ಖಾಲಿ ಇದ್ದರೆ ಯಾರೂ ಸರ್ವರನ್ನು ಕಿತ್ತು ಬಿಸಾಡುವುದಿಲ್ಲ. ಅಲರ್ಟ್ ಕಳಿಸಿದ್ದು ಸರ್ವರೋ, ಪರದೆಯೇ ಕೆಟ್ಟಿದೆಯೋ ಎಂದು ಮೊದಲು ನೋಡುತ್ತೇವೆ. ಕಾರಿಗೂ ಅದೇ ಪ್ರಶ್ನೆ ಕೇಳಬಹುದು. ಆ್ಯಪ್‌ನಲ್ಲಿ 'ಎಂಐಎಲ್ ಸ್ಟೇಟಸ್' ಎಂಬ ಸಾಲು ಇರುತ್ತದೆ. ಈ ಲೈಟನ್ನು ಉರಿಸು ಎಂದು ಇಸಿಯು ಹೇಳಿದೆಯೇ ಇಲ್ಲವೇ ಎನ್ನುವುದಕ್ಕೆ ಅದು ನೇರ ಉತ್ತರ. ಅಚ್ಚರಿಯೆಂದರೆ ಬಹಳ ಗ್ಯಾರೇಜುಗಳಲ್ಲಿ ಯಾರೂ ಅದನ್ನು ತೆರೆದೇ ನೋಡುವುದಿಲ್ಲ.

'ಆನ್' ಎಂದು ತೋರಿಸಿದರೆ ಕೋಡ್ ಎಲ್ಲೋ ಇದೆ, ನಿಮ್ಮ ಸ್ಕ್ಯಾನರಿಗೆ ಕಾಣುತ್ತಿಲ್ಲ ಅಷ್ಟೇ. ಆಟೋಮ್ಯಾಟಿಕ್ ಕಾರಾದರೆ ಗೇರ್‌ಬಾಕ್ಸಿನ ಪ್ರತ್ಯೇಕ ಕಂಪ್ಯೂಟರಿನಲ್ಲಿರಬಹುದು, ಅಥವಾ ಕಂಪನಿಯವರ ಸ್ವಂತ ಕೋಡ್ ಆಗಿರಬಹುದು. ಆ ಬ್ರಾಂಡಿನ ಸ್ಕ್ಯಾನರ್ ಇರುವಲ್ಲಿಗೆ ಹೋಗಲೇಬೇಕು.

'ಆಫ್' ಎಂದು ತೋರಿಸಿಯೂ ಲೈಟ್ ಉರಿಯುತ್ತಿದ್ದರೆ ಕಥೆಯೇ ಬೇರೆ. ಹಳೆಯ ಕಾರುಗಳಲ್ಲಿ ಇಸಿಯುವಿನಿಂದ ಆ ಬಲ್ಬಿಗೆ ಒಂದು ವೈರು ಹೋಗುತ್ತದೆ. ಇಸಿಯು ಅದನ್ನು ಅರ್ತಿಂಗ್‌ಗೆ ಮುಟ್ಟಿಸಿದಾಗ ಬಲ್ಬ್ ಹೊತ್ತುತ್ತದೆ. ವೈರಿನ ಮೇಲುಹೊದಿಕೆ ಸವೆದು ಬಾಡಿಗೆ ತಾಗಿದರೂ ಅದೇ ಆಗುತ್ತದೆ. ಹೊಸ ಕಾರುಗಳಲ್ಲಿ ಇಸಿಯು ಸಂದೇಶ ಕಳಿಸುತ್ತದೆ, ಮೀಟರ್ ಕ್ಲಸ್ಟರ್ ಓದುತ್ತದೆ. ಸಂದೇಶ ಬರದೇ ಹೋದರೂ ಎಷ್ಟೋ ಕ್ಲಸ್ಟರ್‌ಗಳು ಎಚ್ಚರಿಕೆಗೆಂದು ದೀಪ ಉರಿಸಿಬಿಡುತ್ತವೆ. ಇಲ್ಲಿ ಎಂಜಿನ್ ನಿರಪರಾಧಿ. ನೋಡಬೇಕಾದ್ದು ಬ್ಯಾಟರಿ, ಕನೆಕ್ಟರ್, ಅರ್ತಿಂಗ್.

ಮುಂಬಯಿಯ ಮಳೆಗಾಲ, ಸಮುದ್ರದ ಉಪ್ಪುಗಾಳಿ ಇದ್ದಲ್ಲಿ ಅರ್ತಿಂಗ್ ಮೇಲೆಯೇ ನನ್ನ ಮೊದಲ ಅನುಮಾನ. ನಮ್ಮ ಸೊಸೈಟಿಯ ಹಿರಿಯರೊಬ್ಬರ ಕಾರಿಗೆ ಹೀಗೇ ಆಗಿ, ಗ್ಯಾರೇಜಿನವರು ಇಸಿಯು ಬದಲಿಸಲು ಐದಂಕಿಯ ಎಸ್ಟಿಮೇಟ್ ಕೊಟ್ಟಿದ್ದರು. ಪೆನ್ಷನ್‌ನಲ್ಲಿರುವವರು ಅವರು. ಎಂಐಎಲ್ ಸ್ಟೇಟಸ್ 'ಆಫ್' ಇತ್ತು. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಮುಟ್ಟಿಸಿ ಸೆಲ್ಫ್ ಹೊಡೆಯಲು ಹೇಳಿದೆ. ಸುಮಾರು 0.2 ವೋಲ್ಟ್ ಒಳಗಿರಬೇಕಾದ್ದು 0.9 ತೋರಿಸಿತು. ಅರ್ತಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು, ತುಕ್ಕು. ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಬೋಲ್ಟ್ ಹಾಕಿ, ಮೇಲೆ ಸ್ವಲ್ಪ ಗ್ರೀಸ್ ಬಳಿದೆವು. ಆ ಮಳೆಗಾಲ ಮುಗಿಯುವವರೆಗೂ ಲೈಟ್ ಮತ್ತೆ ಬರಲಿಲ್ಲ. ಬ್ಯಾಟರಿಯನ್ನೂ ಅಳೆಯಿರಿ: ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು.

ಮತ್ತೊಂದು ಸಾಧ್ಯತೆಯೂ ಇದೆ. ಲೈಟ್ ನಿನ್ನೆ ಉರಿದು ಇಂದು ಆರಿದ್ದರೆ, 'ಪೆಂಡಿಂಗ್' ಮತ್ತು 'ಹಿಸ್ಟರಿ' ಪಟ್ಟಿಗಳನ್ನೂ ತೆರೆಯಿರಿ. ದೋಷ ಸತತ ಮೂರು ಓಟಗಳಲ್ಲಿ ಕಾಣದಿದ್ದರೆ ಲೈಟ್ ತಾನೇ ಆರಬಹುದು, ಕೋಡ್ ಮಾತ್ರ ಎಂಜಿನ್ 40 ಸಲ ಬಿಸಿಯಾಗುವವರೆಗೆ ನೆನಪಿನಲ್ಲಿ ಉಳಿದಿರುತ್ತದೆ. ಅದಕ್ಕೇ 'ಎಲ್ಲಾ ಕ್ಲಿಯರ್ ಮಾಡಿಬಿಡ್ತೀನಿ' ಅನ್ನುವವರಿಗೆ ಮೊದಲು ಸ್ಕ್ರೀನಿನ ಫೋಟೋ ತೆಗೆದುಕೊಳ್ಳುತ್ತೇನೆ, ಆಮೇಲೆ ಮಾಡಿ ಎನ್ನಿ. ಒಮ್ಮೆ ಒರೆಸಿದರೆ ಸುಳಿವೂ ಹೋಯಿತು.

ಹೀಗೆ ಒರೆಸಿದ್ದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇನ್ನೂ ದುಬಾರಿ. ಮಾರುವವರು ಬೆಳಿಗ್ಗೆ ಕೋಡ್ ಅಳಿಸಿ ಮಧ್ಯಾಹ್ನ ನಿಮಗೆ ಕಾರು ತೋರಿಸಿದರೆ ಲೈಟೂ ಇಲ್ಲ, ಕೋಡೂ ಇಲ್ಲ. ಆದರೆ 'ರೆಡಿನೆಸ್ ಮಾನಿಟರ್' ಪುಟದಲ್ಲಿ ಹಲವು ಪರೀಕ್ಷೆಗಳು 'ಅಪೂರ್ಣ' ಎಂದು ತೋರುತ್ತವೆ. 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಸಾಲನ್ನೂ ಬಹಳ ಕಾರುಗಳು ಕೊಡುತ್ತವೆ. ಅಲ್ಲಿ 11 ಕಿ.ಮೀ. ಎಂದಿದ್ದರೆ, ಬೆಲೆ ಮಾತಾಡುವ ಮೊದಲು ಬೆಳಿಗ್ಗೆ ಯಾವ ಕೋಡ್ ಅಳಿಸಿದಿರಿ ಎಂದು ಕೇಳಿ.